ಗ್ಯಾಲಕ್ಸಿ ಫೋಟೊ ಪ್ರೊಸೆಸ್ ಮಾಡಿಕೊಡ್ತೀವಿ ಅನ್ನುವವರಿಗೆ ಡೇಟಾ ಕೊಡುವ ಮುಂಚೆ ಇದನ್ನು ಓದಿ

ದುಡ್ಡು ಕೊಟ್ಟರೆ, ನೀವು ಟೆಲಿಸ್ಕೋಪಿನಲ್ಲಿ ತೆಗೆದ ಗ್ಯಾಲಕ್ಸಿ (ಆಕಾಶದ ನಕ್ಷತ್ರಪುಂಜ) ಫೋಟೊದ ಡೇಟಾ ಪ್ರೊಸೆಸ್ ಮಾಡಿಕೊಡುತ್ತೇವೆ ಅನ್ನುವ ಜಾಹೀರಾತುಗಳು ಈಗ ಜಾಸ್ತಿಯಾಗಿವೆ. ಎಡಗಡೆ ಮಂಕಾದ ಬೂದು ಚಿತ್ರ, ಬಲಗಡೆ ಬಣ್ಣ ಬಣ್ಣದ ಸುರುಳಿ. ಅಂಥ ಒಬ್ಬರಿಗೆ ನಾನು ಡೇಟಾ ಕೊಟ್ಟಿದ್ದೆ. ವಾಪಸ್ ಬಂದ ಗ್ಯಾಲಕ್ಸಿ ನಾನು ತೆಗೆದದ್ದಲ್ಲ. ಅವರ ಹೆಸರು ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ. ಇದೇ ಕೆಲಸವನ್ನು ಇನ್ನೂ ಹಲವರು ಮಾಡುತ್ತಿರಬಹುದು. ಹಾಗಾಗಿ ಹೆಸರಿಗಿಂತ, ಮೋಸ ಗೊತ್ತಾಗಿದ್ದು ಹೇಗೆ ಅನ್ನುವುದು ನಿಮಗೆ ಉಪಯೋಗಕ್ಕೆ ಬರುತ್ತದೆ.

ಮೊದಲು ಆ ಡೇಟಾ ಯಾವುದು ಅಂತ ಹೇಳಬೇಕು. 2023ರ ಮೇ 19ರಂದು ಜಪಾನಿನ ಹವ್ಯಾಸಿ ಖಗೋಳ ವೀಕ್ಷಕ ಕೊಯಿಚಿ ಇಟಗಾಕಿ ಅವರಿಗೆ ಎಂ101 ಗ್ಯಾಲಕ್ಸಿಯಲ್ಲಿ ಒಂದು ಹೊಸ ಸೂಪರ್‌ನೋವಾ, ಅಂದರೆ ಸಿಡಿದು ಸಾಯುವ ನಕ್ಷತ್ರ, ಕಂಡಿತು. ಅದಕ್ಕೆ ಎಸ್‌ಎನ್ 2023ಐಎಕ್ಸ್‌ಎಫ್ ಅಂತ ಹೆಸರಿಟ್ಟರು. ಎಂ101 ಇರುವುದು ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಸೂಪರ್‌ನೋವಾಗಳ ಲೆಕ್ಕದಲ್ಲಿ ಇದು ಪಕ್ಕದ ಬೀದಿ ಇದ್ದಂತೆ. ಸಿಕ್ಕಾಗ 15ರ ಹತ್ತಿರ ಇದ್ದ ಕಾಂತಿಮಾನ ಕೆಲವೇ ದಿನದಲ್ಲಿ 11ರ ಆಸುಪಾಸಿಗೆ ಬಂತು (ಈ ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಜಾಸ್ತಿ). ಸಣ್ಣ ಟೆಲಿಸ್ಕೋಪಿಗೂ ಎಟಕುವ ಬೆಳಕು ಅದು. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್‌ನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಕೂಡ ಅದನ್ನು ಗಮನಿಸಿತು. ಆ ಟೆಲಿಸ್ಕೋಪನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕೂತು, ಗೊತ್ತಲ್ವಾ?

ಸೂಪರ್‌ನೋವಾ ಸಿಕ್ಕ ದಿನ ಅಮಾವಾಸ್ಯೆ ಬೇರೆ. ಮಾರನೇ ದಿನ ಶನಿವಾರ, ಬೆಂಗಳೂರಿನಲ್ಲಿ ಹೊಸ ಸರ್ಕಾರದ ಪ್ರಮಾಣವಚನ. ನಾನು ಟೆಲಿಸ್ಕೋಪು ಕಾರಿಗೆ ತುಂಬಿಕೊಂಡು ಹಿರಿಯೂರಿನ ಆಚೆ ಇರುವ ಭಾವನ ತೋಟಕ್ಕೆ ಹೊರಟೆ. ಕೃತ್ತಿಕೆ ಮಳೆಯ ಕಾಲ. ಸಂಜೆ ಮೋಡ ಕಟ್ಟಿಕೊಂಡು ಗುಡುಗಿತು, ನಾಲ್ಕು ಹನಿಯನ್ನೂ ಹಾಕದೆ ಹೋಯಿತು. ರಾತ್ರಿ ಹತ್ತರ ಹೊತ್ತಿಗೆ ಆಕಾಶ ಬಿಟ್ಟುಕೊಂಡಿತು. ಸಪ್ತರ್ಷಿಗಳ ಬಾಲದಲ್ಲಿ ವಸಿಷ್ಠ ಮತ್ತು ಮರೀಚಿ ಇದ್ದಾರಲ್ಲ, ಅವರಿಬ್ಬರ ಜೊತೆ ತ್ರಿಕೋನ ಮಾಡುವ ಜಾಗದಲ್ಲಿ ಎಂ101 ಇರುತ್ತದೆ. ನಮ್ಮ ಕಡೆಯಿಂದ ನೋಡಿದರೆ ಉತ್ತರಕ್ಕೆ ಸುಮಾರು 50 ಡಿಗ್ರಿ ಎತ್ತರಕ್ಕೆ ಬರುತ್ತದೆ. ತೊಂದರೆ ಅಂದರೆ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ ಮತ್ತು ಪೇಟೆ ಕಡೆಯ ಬೆಳಕು. ಚಿತ್ರದ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿತ್ತು.

ನನ್ನ ಸಾಮಾನು ದೊಡ್ಡದೇನಲ್ಲ. 80 ಮಿಲಿಮೀಟರ್ ರಿಫ್ರ್ಯಾಕ್ಟರ್ (ಲೆನ್ಸಿನ ಟೆಲಿಸ್ಕೋಪು), 480 ಮಿಲಿಮೀಟರ್ ಫೋಕಲ್ ಲೆಂತ್, 3.76 ಮೈಕ್ರಾನ್ ಪಿಕ್ಸೆಲ್ ಇರುವ ಕಲರ್ ಕ್ಯಾಮೆರಾ, ಆಕಾಶ ತಿರುಗಿದಂತೆ ತಿರುಗುವ ಈಕ್ವಟೋರಿಯಲ್ ಮೌಂಟು. ಮೂರು ಮೂರು ನಿಮಿಷದ ಫ್ರೇಮುಗಳು. ಲ್ಯಾಪ್‌ಟಾಪಿನಲ್ಲಿ ಒಂದೇ ಫ್ರೇಮನ್ನು ದೊಡ್ಡದು ಮಾಡಿ ನೋಡಿದರೂ ಸೂಪರ್‌ನೋವಾ ಕಾಣುತ್ತಿತ್ತು. ಎನ್‌ಜಿಸಿ 5461 ಅಂತ ಹೊರಗಿನ ತೋಳಿನಲ್ಲಿ ಒಂದು ಹೊಳೆಯುವ ಗಂಟಿದೆ. ಅದಕ್ಕೆ ಅಂಟಿಕೊಂಡಂತೆ, ಆ ಗಂಟಿಗಿಂತ ಚೂಪಾಗಿ, ನೀಲಿ ಬಿಳಿ ಚುಕ್ಕಿ. ಭಾವ ಬಂದು ನೋಡಿ, "ಇದು ಸತ್ತಿರೋ ನಕ್ಷತ್ರನಾ? ಸತ್ತ ಮೇಲೆ ಇಷ್ಟು ಹೊಳೆಯುತ್ತಾ?" ಅಂದರು. ಊರಿನ ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ಕೂಡ ಬಂದಿದ್ದರು. ಇದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಶಾಲೆಗೆ ಕೊಡಿ, ಕೆಳಗೆ "ನಮ್ಮ ಊರಿನ ತೋಟದಿಂದ ತೆಗೆದದ್ದು" ಅಂತ ಬರೆಸೋಣ ಅಂತ ಕೇಳಿದರು. ಆಗಲಿ ಅಂದೆ.

ಸ್ಟ್ಯಾಕ್ ಮಾಡಿದ್ದು, ಅಂದರೆ ಆ ಫ್ರೇಮುಗಳನ್ನೆಲ್ಲ ಒಂದಾಗಿ ಸೇರಿಸಿದ್ದು, ನಾನೇ. ಕ್ಯಾಮೆರಾ, ಲೆನ್ಸಿನ ದೋಷ ಕಳೆಯುವ ಡಾರ್ಕ್, ಫ್ಲಾಟ್, ಬಯಸ್ ಫ್ರೇಮುಗಳನ್ನೆಲ್ಲ ಹಾಕಿ ಸಿರಿಲ್ ಸಾಫ್ಟ್‌ವೇರ್‌ನಲ್ಲಿ ಮಾಡಿದೆ. ಆಮೇಲಿನ ಕೆಲಸಕ್ಕೆ ಅಂದರೆ ಮೂಲೆಯ ಆ ಕಂದು ಛಾಯೆ (ಗ್ರೇಡಿಯೆಂಟ್) ತೆಗೆಯುವುದು, ಬಣ್ಣ ಸರಿಮಾಡುವುದು, ಮಂಕು ಬೆಳಕನ್ನು ಕಣ್ಣಿಗೆ ಕಾಣುವಷ್ಟು ಎತ್ತುವುದು (ಸ್ಟ್ರೆಚ್) ಇವಕ್ಕೆ ಆಗ ಪುರುಸೊತ್ತಿರಲಿಲ್ಲ. ಆಫೀಸಿನಲ್ಲಿ ಉಸಿರು ಬಿಡಲಾಗದ ತಿಂಗಳು. ಶಾಲೆ ಶುರುವಾಗುವ ಮುಂಚೆ ಪ್ರಿಂಟ್ ಕೊಡಬೇಕಿತ್ತು. ಜಾಹೀರಾತು ನೋಡಿ ಫೋನ್ ಮಾಡಿದೆ. ಎರಡೂವರೆ ಸಾವಿರ, ಪೂರ್ತಿ ಮುಂಗಡ. "ಸರ್, ನೀವು ಫಿಟ್ಸ್ ಫೈಲ್ ಕಳಿಸಿ ಸಾಕು, ಮಿಕ್ಕಿದ್ದು ನಮಗೆ ಬಿಡಿ" ಅಂದರು. ಫಿಟ್ಸ್ ಅಂದರೆ ಖಗೋಳ ಚಿತ್ರಗಳನ್ನು ಇಡುವ ಫೈಲಿನ ಬಗೆ. ಇದರಲ್ಲಿ ಸೂಪರ್‌ನೋವಾ ಇದೆ, ಅದು ಮುಖ್ಯ ಅಂತ ನಾನು ಬರೆದೂ ಕಳಿಸಿದ್ದೆ. ಅವರು ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು.

ಮಾರನೇ ದಿನವೇ ಜೆಪೆಗ್ ಬಂತು. ಸುಳ್ಳು ಯಾಕೆ ಹೇಳಲಿ, ಚಂದ ಇತ್ತು. ಸುರುಳಿಯ ಒಳಗೆ ಧೂಳಿನ ಗೆರೆಗಳು ಎಳೆ ಎಳೆಯಾಗಿ ಕಾಣುತ್ತಿದ್ದವು. ಗುಲಾಬಿ ಬಣ್ಣದ ಗಂಟುಗಳು, ನೀಲಿ ನಕ್ಷತ್ರಗಳ ಗುಂಪುಗಳು. ಇಷ್ಟೆಲ್ಲ ಇದ್ದ ಮೇಲೆ ಸೂಪರ್‌ನೋವಾ ಎಲ್ಲಿ ಅಂತ ಹುಡುಕಿದೆ. ಇರಲಿಲ್ಲ. ಗಂಟು ಇದೆ, ಪಕ್ಕದ ಚುಕ್ಕಿ ಇಲ್ಲ.

ಆಮೇಲೆ ಕೂತು ಒಂದೊಂದೇ ಬಿಚ್ಚಿ ನೋಡಿದೆ. ಮೊದಲು ಲೆಕ್ಕ. ನನ್ನ ಟೆಲಿಸ್ಕೋಪು ಮತ್ತು ಕ್ಯಾಮೆರಾಕ್ಕೆ ಒಂದು ಪಿಕ್ಸೆಲ್ ಅಂದರೆ 1.6 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್). ಇಡೀ ಗ್ಯಾಲಕ್ಸಿ ನನ್ನ ಫ್ರೇಮಿನಲ್ಲಿ ಸಾವಿರ ಪಿಕ್ಸೆಲ್ ಚಿಲ್ಲರೆ ಅಗಲ. ಅದರ ಮೇಲೆ ವಾತಾವರಣದ ನಡುಕ ಬೇರೆ ಎಲ್ಲವನ್ನೂ ಕಲಸುತ್ತದೆ. ಬಾಹ್ಯಾಕಾಶದಲ್ಲಿರುವ ಹಬಲ್ ದೂರದರ್ಶಕದ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ 0.05 ಆರ್ಕ್‌ಸೆಕೆಂಡ್. ನನ್ನ ಒಂದು ಪಿಕ್ಸೆಲ್‌ನ ಅಗಲದಲ್ಲಿ ಹಬಲ್‌ನ ಮೂವತ್ತಕ್ಕೂ ಹೆಚ್ಚು ಪಿಕ್ಸೆಲ್ ಸಾಲಾಗಿ ಕೂರುತ್ತವೆ. ಅಷ್ಟು ಸಣ್ಣ ಧೂಳಿನ ಎಳೆ ನನ್ನ 80 ಮಿಲಿಮೀಟರ್ ಲೆನ್ಸಿಗೆ ಕಾಣಲು ಸಾಧ್ಯವೇ ಇಲ್ಲ. ಯಾವ ಸಾಫ್ಟ್‌ವೇರ್ ಹಾಕಿದರೂ ಇಲ್ಲ. ಬೆಳಕೇ ಬರದಿದ್ದ ವಿವರವನ್ನು ಪ್ರೊಸೆಸಿಂಗ್ ಎಲ್ಲಿಂದ ತರಬೇಕು?

ಎರಡನೆಯದು ನಕ್ಷತ್ರಗಳು. ರಿಫ್ರ್ಯಾಕ್ಟರ್‌ನಲ್ಲಿ ನಕ್ಷತ್ರಗಳು ದುಂಡಗೆ ಬರುತ್ತವೆ. ಒಳಗೆ ಅಡ್ಡ ಕಡ್ಡಿ ಇಲ್ಲದ್ದರಿಂದ ಶಿಲುಬೆಯಂಥ ಕೋಡುಗಳು ಮೂಡುವುದಿಲ್ಲ. ಚಿತ್ರದ ಅಂಚಿನಲ್ಲಿದ್ದ ನಕ್ಷತ್ರಗಳು ದುಂಡಗೇ ಇದ್ದವು. ಗ್ಯಾಲಕ್ಸಿಯ ಮೇಲಿದ್ದ ಪ್ರಕಾಶದ ನಕ್ಷತ್ರಗಳಿಗೆ ಮಾತ್ರ ನಾಲ್ಕು ಕೋಡು! ಒಂದೇ ಚಿತ್ರದಲ್ಲಿ ಎರಡು ಟೆಲಿಸ್ಕೋಪು. ಇನ್ನೂ ದೊಡ್ಡದು ಮಾಡಿದಾಗ ಹೊಲಿಗೆಯೂ ಸಿಕ್ಕಿತು. ಒಳಗಿನ ತೋಳುಗಳು ಕಣ್ಣಿಗೆ ಹೊಡೆಯುವಷ್ಟು ಚೂಪು. ಹೊರಗಿನ ತೋಳುಗಳ ತುದಿ ಮಾತ್ರ ನನ್ನದೇ ಹಳೆಯ ಮಂಕು ತುದಿ. ನಡುವೆ ಬ್ರಷ್‌ನಿಂದ ಸವರಿ ಮರೆಮಾಡಿದ ಗೆರೆ.

ಮೂಲ ಚಿತ್ರ ಹುಡುಕುವುದು ಕಷ್ಟವಾಗಲಿಲ್ಲ. ಹಬಲ್ ತೆಗೆದ ಎಂ101ರ ದೊಡ್ಡ ಚಿತ್ರ 2006ರಲ್ಲಿ ಬಿಡುಗಡೆಯಾಗಿತ್ತು. ಹಬಲ್‌ನ 51 ಎಕ್ಸ್‌ಪೋಶರ್‌ಗಳನ್ನು ಜೋಡಿಸಿ, ನೆಲದ ಮೇಲಿನ ಟೆಲಿಸ್ಕೋಪುಗಳ ಚಿತ್ರಗಳನ್ನೂ ಸೇರಿಸಿ ಮಾಡಿದ್ದು. ಅದನ್ನು ತಿರುಗಿಸಿ ನನಗೆ ಬಂದ ಜೆಪೆಗ್ ಮೇಲೆ ಇಟ್ಟೆ. ಗಂಟಿಗೆ ಗಂಟು ಕೂತಿತು. 2006ರ ಚಿತ್ರದಲ್ಲಿ 2023ರ ಸೂಪರ್‌ನೋವಾ ಎಲ್ಲಿಂದ ಬರಬೇಕು? ಇದೇ ಗ್ಯಾಲಕ್ಸಿಯಲ್ಲಿ 2011ರಲ್ಲಿ ಸಿಡಿದದ್ದೂ ಅದರಲ್ಲಿ ಇರುವುದಿಲ್ಲ.

ವಾಟ್ಸಾಪಿನಲ್ಲಿ ಕೇಳಿದೆ. ಉತ್ತರ: "ಸರ್, ಡೀನಾಯ್ಸ್ ಮಾಡುವಾಗ ಸಾಫ್ಟ್‌ವೇರ್ ಅದನ್ನ ನಾಯ್ಸ್ ಅಂತ ತೆಗೆದಿರುತ್ತೆ." ನಾಯ್ಸ್ ಅಂದರೆ ಚಿತ್ರದಲ್ಲಿ ಎಲ್ಲೆಂದರಲ್ಲಿ ಮೂಡುವ ಬೇಡದ ಕಾಳು ಕಾಳು. ಪ್ರತಿ ಫ್ರೇಮಿನಲ್ಲೂ ಒಂದೇ ಜಾಗದಲ್ಲಿ, ಸುತ್ತಲಿನ ಎಲ್ಲಕ್ಕಿಂತ ಪ್ರಕಾಶವಾಗಿ ಕೂತಿರುವುದು ನಾಯ್ಸ್ ಹೇಗಾಗುತ್ತದೆ ಮಾರಾಯರೇ? ಅಷ್ಟು ಕೇಳಿದ್ದಕ್ಕೆ, "ಸರಿ ಸರ್, ಕರೆಕ್ಷನ್ ಮಾಡಿ ಕಳಿಸ್ತೀನಿ, ಎಕ್ಸ್‌ಟ್ರಾ ಚಾರ್ಜ್ ಬೇಡ" ಅಂದರು. ದೊಡ್ಡ ಮನಸ್ಸು.

ಸಂಜೆಗೆ ಎರಡನೇ ಜೆಪೆಗ್ ಬಂತು. ಈ ಸಲ ಸೂಪರ್‌ನೋವಾ ಇತ್ತು. ಆದರೆ ಗ್ಯಾಲಕ್ಸಿಯ ಬೇರೆ ತೋಳಿನಲ್ಲಿ! ಅದನ್ನು ನೋಡಿ ಸಿಟ್ಟಿಗಿಂತ ನಗುವೇ ಮೊದಲು ಬಂತು. ಯಾವುದೋ ಸುದ್ದಿಯಲ್ಲಿ ಬಂದ ಚಿತ್ರ ನೋಡಿಕೊಂಡು ಅಂದಾಜಿನ ಮೇಲೆ ಚುಕ್ಕಿ ಇಟ್ಟಿದ್ದಾರೆ. ಸುದ್ದಿಯ ಚಿತ್ರಗಳಲ್ಲಿ ಸಾಮಾನ್ಯವಾಗಿ ಉತ್ತರ ಮೇಲಿರುತ್ತದೆ. ನನ್ನ ಕ್ಯಾಮೆರಾ ಓರೆಯಾಗಿ ಕೂತಿತ್ತು. ಆ ಚುಕ್ಕಿಯೂ ನಕ್ಷತ್ರದಂತಿರಲಿಲ್ಲ. ನಿಜವಾದ ನಕ್ಷತ್ರದ ಅಂಚು ಮೆಲ್ಲಗೆ ಕರಗುತ್ತದೆ. ಇದು ಅಪ್ಪಟ ಬಿಳಿ, ಅಂಚು ಕತ್ತರಿಸಿದ ಹಾಗೆ, ಸುತ್ತ ಯಾವ ಬಣ್ಣವೂ ಇಲ್ಲ. ಬಿಂದಿ ಅಂಟಿಸಿದ್ದಾರೆ, ಅಷ್ಟೇ.

ದುಡ್ಡು ವಾಪಸ್ ಕೇಳಿದೆ. ಬಹಳ ಜಗ್ಗಾಡಿದ ಮೇಲೆ ಅರ್ಧ ಬಂತು. ಮಿಕ್ಕ ಅರ್ಧ "ಸರ್ವರ್ ಖರ್ಚು" ಅಂತೆ. ಜೊತೆಗೆ ಅವರ ಗ್ಯಾಲಕ್ಸಿ ಪ್ರೊಸೆಸಿಂಗ್ ಕೋರ್ಸಿಗೆ ರಿಯಾಯಿತಿ ಕೂಪನ್ ಕಳಿಸಿದರು. ಕೆಲವು ವಾರದ ಮೇಲೆ ನೋಡಿದರೆ ಅದೇ ಎಂ101 ಅವರ ಜಾಹೀರಾತಿನಲ್ಲಿ ಕೂತಿತ್ತು. ಎಡಗಡೆ ನನ್ನ ಸ್ಟ್ಯಾಕ್, ಬಲಗಡೆ ಹಬಲ್. ಗುರುತು ಹಿಡಿದದ್ದು ಆ ಕಂದು ಮೂಲೆಯಿಂದ. ತೆಗೆಯಿರಿ ಅಂತ ಬರೆದೆ. ನನ್ನನ್ನು ಬ್ಲಾಕ್ ಮಾಡಿದರು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು, ಇಲ್ಲದಿದ್ದರೆ ಕಾಮೆಂಟಿನಲ್ಲಿ ಜಗಳ ಶುರುವಾಗುತ್ತದೆ. ಪ್ರೊಸೆಸಿಂಗ್ ಅಂದರೆ ಮೋಸ ಅಂತ ನಾನು ಹೇಳುತ್ತಿಲ್ಲ. ಸ್ಟ್ರೆಚ್ ಮಾಡದಿದ್ದರೆ ಗ್ಯಾಲಕ್ಸಿ ಕಾಣುವುದೇ ಇಲ್ಲ, ಫಿಟ್ಸ್ ತೆರೆದರೆ ಬರೀ ಕಪ್ಪು ಪರದೆ. ಗ್ರೇಡಿಯೆಂಟ್ ತೆಗೆಯಲು ನಾನೂ ಗ್ರಾಎಕ್ಸ್‌ಪರ್ಟ್ ಸಾಫ್ಟ್‌ವೇರ್ ಬಳಸುತ್ತೇನೆ, ನಾಯ್ಸ್ ಕಡಿಮೆ ಮಾಡುತ್ತೇನೆ. ಖಗೋಳ ಚಿತ್ರಕ್ಕೆಂದೇ ಮಾಡಿದ ಡೀಕನ್ವೊಲ್ಯೂಶನ್ ಟೂಲುಗಳು ನಿಮ್ಮ ನಕ್ಷತ್ರಗಳ ಆಕಾರ ನೋಡಿ, ಕಲಸಿದ್ದನ್ನು ಸ್ವಲ್ಪ ಬಿಡಿಸುತ್ತವೆ. ಅತಿಯಾಗಿ ಎಳೆದರೆ ಅವೂ ಸುಳ್ಳು ಹೇಳುತ್ತವೆ, ಆದರೆ ಮಿತಿಯಲ್ಲಿ ಸರಿ. ಮೊಬೈಲಿನ ಎಐ ಶಾರ್ಪನಿಂಗ್ ಆಪ್‌ಗಳ ಕಥೆ ಬೇರೆ. ಅವು ಮುಖ, ಹಕ್ಕಿ, ಕಟ್ಟಡ ನೋಡಿ ಕಲಿತಂಥವು. ಗ್ಯಾಲಕ್ಸಿಯ ನಾಯ್ಸ್ ಕೊಟ್ಟರೆ ಅದನ್ನೇ ಹುಳ ಹರಿದಾಡಿದ ಹಾಗೆ ಗೆರೆ ಮಾಡಿ ಕೊಡುತ್ತವೆ. ಹಬಲ್ ಡೇಟಾ ಸೇರಿಸುವುದೂ ತಪ್ಪಲ್ಲ. ಅದು ಸಾರ್ವಜನಿಕರಿಗೆ ಸಿಗುವ ಡೇಟಾ. ಸೇರಿಸಿದ್ದೇವೆ ಅಂತ ಬರೆದು ಚಿತ್ರ ಹಾಕುವವರು ಎಷ್ಟೋ ಜನ ಇದ್ದಾರೆ. ನನ್ನ ತಕರಾರು, ಹೇಳದೇ ಅಂಟಿಸಿ ನಿಮ್ಮದೇ ಅಂತ ಕೈಗಿಟ್ಟು ದುಡ್ಡು ತೆಗೆದುಕೊಂಡದ್ದಕ್ಕೆ. ಶಾಲೆಯ ಗೋಡೆಯ ಮೇಲೆ "ನಮ್ಮ ಊರಿನ ತೋಟದಿಂದ" ಅಂತ ಬರೆಸಿ ಹಬಲ್ ಚಿತ್ರ ತೂಗುಹಾಕಿದ್ದರೆ ಮಕ್ಕಳಿಗೆ ನಾನು ಏನು ಹೇಳಬೇಕಿತ್ತು?

ಹವ್ಯಾಸಿಗಳ ಚಿತ್ರಕ್ಕೆ ಅಂಥ ಬೆಲೆ ಏನು ಅನ್ನಬೇಡಿ. ಇದೇ ಸೂಪರ್‌ನೋವಾ ಸಿಡಿದದ್ದು ಯಾವ ಹೊತ್ತಿಗೆ ಅಂತ ನಿರ್ಧರಿಸಲು ವಿಜ್ಞಾನಿಗಳು ಬಳಸಿದ್ದರಲ್ಲಿ ಹವ್ಯಾಸಿಗಳ ಫ್ರೇಮುಗಳೂ ಇದ್ದವು. ಇಟಗಾಕಿ ನೋಡುವ ಮುಂಚೆಯೇ ಕೆಲವರು ತಮಗೇ ಗೊತ್ತಿಲ್ಲದೆ ಅದನ್ನು ಸೆರೆಹಿಡಿದಿದ್ದರು. ಅವರ ಕಚ್ಚಾ ಫೈಲುಗಳು ಹಾಗೇ ಉಳಿದಿದ್ದರಿಂದ ಅದು ಸಾಧ್ಯವಾಯಿತು.

ಹಾಗಾಗಿ ಯಾರಿಗೇ ಕೊಡಿ, ಸ್ಟ್ಯಾಕ್ ಆದ ಫೈಲಿನ ಪ್ರತಿ ಮಾತ್ರ ಕೊಡಿ. ಒಂದೊಂದು ಫ್ರೇಮೂ, ಡಾರ್ಕ್, ಫ್ಲಾಟ್ ಕೂಡ, ನಿಮ್ಮ ಹಾರ್ಡ್ ಡಿಸ್ಕಿನಲ್ಲೇ ಇರಲಿ. ಜಾಗ ಇಲ್ಲ ಅಂತ ಅಳಿಸಬೇಡಿ. ಮೋಸ ತೋರಿಸಲು ನನ್ನ ಬಳಿ ಇದ್ದದ್ದು ಅದೊಂದೇ. ಬರೀ ಜೆಪೆಗ್ ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಜೆಪೆಗ್‌ನಂತೆ ವಿವರ ಕಳೆಯದ 16 ಬಿಟ್ ಟಿಫ್ ಫೈಲ್ ಕೇಳಿ, ಯಾವ ಹೆಜ್ಜೆ ಯಾವ ಕ್ರಮದಲ್ಲಿ ಮಾಡಿದಿರಿ ಅಂತ ಬರೆದುಕೊಡಲು ಹೇಳಿ. ನೆಟ್ಟಗೆ ಕೆಲಸ ಮಾಡುವವರು ಖುಷಿಯಿಂದ ಕೊಡುತ್ತಾರೆ, ಆ ವಿಷಯ ಮಾತಾಡಲು ಅವರಿಗೆ ಇಷ್ಟ. "ಅದು ನಮ್ಮ ಸೀಕ್ರೆಟ್" ಅಂದರೆ ಫೋನ್ ಇಟ್ಟುಬಿಡಿ. ಅವರ ಹಳೆಯ ಕೆಲಸ ತೋರಿಸಿ ಅಂದಾಗ ಬೇರೆ ಬೇರೆ ಗಿರಾಕಿಗಳ ಒಂದೇ ಗ್ಯಾಲಕ್ಸಿ ಕೇಳಿ. ಬೇರೆ ಟೆಲಿಸ್ಕೋಪು, ಬೇರೆ ಆಕಾಶದಿಂದ ತೆಗೆದ ಎರಡು ಎಂ51 ಗ್ಯಾಲಕ್ಸಿ ಚಿತ್ರಗಳಲ್ಲಿ ಧೂಳಿನ ಎಳೆಗಳು ಅಚ್ಚು ಹೊಡೆದಂತೆ ಒಂದೇ ಥರ ಇದ್ದರೆ ನಿಮಗೇ ತಿಳಿಯುತ್ತದೆ.

ಶಾಲೆಗೆ ಕೊನೆಗೆ ಹೋದದ್ದು ನಾನೇ ಪ್ರೊಸೆಸ್ ಮಾಡಿದ ಚಿತ್ರ. ಜುಲೈ ಆಗಿಹೋಗಿತ್ತು. ಮಂಕಾಗಿದೆ, ಮೂಲೆಯ ಕಂದು ಪೂರ್ತಿ ಹೋಗಿಲ್ಲ. ಚುಕ್ಕಿ ಇರಬೇಕಾದ ಜಾಗದಲ್ಲಿದೆ. ಮೇಷ್ಟ್ರು ಅದಕ್ಕೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬಾಣದ ಗುರುತು ಹಾಕಿಸಿದ್ದಾರೆ.

ಫೆಬ್ರವರಿಯಿಂದ ಮೇವರೆಗೆ ನಮ್ಮಲ್ಲಿ ಗ್ಯಾಲಕ್ಸಿಗಳ ಕಾಲ, ಈ ಜಾಹೀರಾತುಗಳಿಗೂ ಅದೇ ಸೀಸನ್. ಈಗಾಗಲೇ ಯಾರಿಗಾದರೂ ಎಂ51, ಎಂ81, ಎಂ101 ಕೊಟ್ಟು ಮಾಡಿಸಿಕೊಂಡಿದ್ದರೆ ಆ ಚಿತ್ರವನ್ನೂ ನಿಮ್ಮ ಒಂದು ಕಚ್ಚಾ ಫ್ರೇಮನ್ನೂ ಅಕ್ಕಪಕ್ಕ ಇಟ್ಟು 300 ಪರ್ಸೆಂಟ್ ಝೂಮ್ ಮಾಡಿ. ಗ್ಯಾಲಕ್ಸಿಯ ಮೇಲಿನ ನಕ್ಷತ್ರಗಳನ್ನೂ ಅಂಚಿನ ನಕ್ಷತ್ರಗಳನ್ನೂ ಹೋಲಿಸಿ. ಎರಡರ ಆಕಾರ ಬೇರೆ ಬೇರೆ ಇದ್ದರೆ ಕೆಳಗೆ ಬರೆಯಿರಿ, ಕಚ್ಚಾ ಫೈಲ್ ಇಟ್ಟುಕೊಂಡಿದ್ದರೆ ಹೋಲಿಸಿ ನೋಡಲು ನಾನು ಸಹಾಯ ಮಾಡುತ್ತೇನೆ.