ದೋಣಿ, ಕಾರು, ಹೈಡ್, ಕೆರೆ ದಂಡೆ: ಚಳಿಗಾಲದ ಹಕ್ಕಿ ಎಲ್ಲಿಂದ ಚೆನ್ನಾಗಿ ಕಾಣುತ್ತದೆ?

ಹಕ್ಕಿ ಫೋಟೊ ವಿಷಯ ಬಂತೆಂದರೆ ಎಲ್ಲರೂ ಲೆನ್ಸ್ ಬಗ್ಗೆಯೇ ವಾದ ಮಾಡುತ್ತಾರೆ. ಎಲ್ಲಿ ಕೂತು ತೆಗೆದದ್ದು ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು. ಕೆಲವು ಚಳಿಗಾಲಗಳಿಂದ ಒಂದೇ ಕ್ಯಾಮೆರಾ, ಒಂದೇ 150-600 ಎಂಎಂ ಜೂಮ್ ಲೆನ್ಸ್ ಹೊತ್ತುಕೊಂಡು ನಾಲ್ಕು ಥರ ಹಕ್ಕಿ ನೋಡಿದ್ದೇನೆ. ರಂಗನತಿಟ್ಟಿನಲ್ಲಿ ದೋಣಿಯಿಂದ, ಹೆಸರಘಟ್ಟದಲ್ಲಿ ಕಾರಿನ ಕಿಟಕಿಯಿಂದ, ಗಣೇಶಗುಡಿಯಲ್ಲಿ ಹೈಡ್ (ಹಕ್ಕಿಗೆ ಕಾಣದಂತೆ ಕೂರುವ ಮರೆ) ಒಳಗಿಂದ, ಮಾಗಡಿ ಕೆರೆಯಲ್ಲಿ ದಂಡೆಯ ಮೇಲೆ ನಡೆದುಕೊಂಡು. ಮಾಗಡಿ ಅಂದರೆ ಬೆಂಗಳೂರು ಪಕ್ಕದ್ದಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನದು. ಈ ಗೊಂದಲದಲ್ಲಿ ದಾರಿ ತಪ್ಪಿದವರು ಇದ್ದಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಾನಿರುವುದು ಧಾರವಾಡದಲ್ಲಿ. ಹಾಗಾಗಿ ಗಣೇಶಗುಡಿ, ಮಾಗಡಿ ಹತ್ತಿರ. ಉಳಿದೆರಡಕ್ಕೆ ಬೆಂಗಳೂರು, ಮೈಸೂರು ಕಡೆ ನೆಂಟರ ಮನೆಗೆ ಹೋಗುವ ನೆಪ ಬೇಕು. ಈ ಪಕ್ಷಪಾತ ನನ್ನ ತೀರ್ಪಿನಲ್ಲಿ ಸ್ವಲ್ಪ ಇರಬಹುದು.

ದೋಣಿ

ಸುಲಭ ಯಾವುದು ಅಂದರೆ ರಂಗನತಿಟ್ಟು, ಅದರಲ್ಲಿ ಎರಡು ಮಾತಿಲ್ಲ. ಸಲೀಂ ಅಲಿ ಹೇಳಿದ ಮೇಲೆ ಮೈಸೂರು ಸಂಸ್ಥಾನ 1940ರಲ್ಲಿ ಇದನ್ನು ಪಕ್ಷಿಧಾಮ ಮಾಡಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಮೊದಲು ಸೇರಿದ್ದು ಇದೇ. ಕಾವೇರಿಯ ನಡುಗಡ್ಡೆಗಳ ಮೇಲೆ ಬಣ್ಣದ ಕೊಕ್ಕರೆ, ಚಮಚಕೊಕ್ಕಿನ ಕೊಕ್ಕರೆ, ಹೆಜ್ಜಾರ್ಲೆ ಎಲ್ಲಾ ತಲೆ ಮೇಲೆಯೇ ಹಾರಾಡುತ್ತವೆ. ದೋಣಿಯಲ್ಲಿ ಕೂತಾಗ ಕ್ಯಾಮೆರಾ ನೀರಿನ ಮಟ್ಟಕ್ಕೆ ಹತ್ತಿರ ಇರುತ್ತದೆ. ಬಂಡೆ ಮೇಲೆ ನಿಂತ ಹಕ್ಕಿ ನಮ್ಮ ಕಣ್ಣಿಗೆ ಸಮನಾಗಿ ಸಿಗುತ್ತದೆ. ಹಿಂದೆ ನದಿ ನೀರು, ಅದೂ ಮಸುಕಾಗಿ. ಹೊಸಬರ ಫೋಟೊ ಕೂಡ ಇಲ್ಲಿ ಚೆನ್ನಾಗಿಯೇ ಬರುತ್ತದೆ.

ಆದರೆ ದೋಣಿ ಅಲುಗುತ್ತದೆ. ಟ್ರೈಪಾಡ್ ತೆಗೆದುಕೊಂಡು ಹೋದರೆ ಸುಮ್ನೆ ಹೊರೆ. ಷಟರ್ ವೇಗ 1/1600 ಸೆಕೆಂಡಿಗಿಂತ ಕೆಳಗೆ ಇಳಿಸಬಾರದು. ಪಕ್ಕದಲ್ಲಿ ಕೂತವರು ಮೊಸಳೆ ನೋಡಲು ಎದ್ದರೆ ಮುಗಿಯಿತು. "ಸಾರ್, ಅಲ್ಲಾಡ್ಬೇಡಿ, ಕೂತ್ಕೊಳಿ" ಅಂತ ಅಂಬಿಗರು ಕೂಗುತ್ತಲೇ ಇರುತ್ತಾರೆ. ಟಿಕೆಟ್ ತೆಗೆದುಕೊಂಡು ದೋಣಿ ಹೊರಡುವ ಹೊತ್ತಿಗೆ ಬೆಳಗಿನ ಎಳೆ ಬಿಸಿಲು ಮುಗಿದಿರುತ್ತದೆ. ಬಿಳಿ ಹಕ್ಕಿ, ನೆತ್ತಿ ಮೇಲಿನ ಬಿಸಿಲು, ಎರಡೂ ಸೇರಿದರೆ ಗರಿಯ ವಿವರ ಸುಟ್ಟು ಹೋಗುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಕೆಳಗಿಡಿ, ಅಂದರೆ ಬೆಳಕನ್ನು ಅರ್ಧಕ್ಕೆ ಇಳಿಸಿ.

ನನ್ನ ತಕರಾರು ಬೇರೆ. ಚಳಿಗಾಲಕ್ಕೆ ಅಂತ ದೂರದಿಂದ ಬರುವ ಹಕ್ಕಿಗಳಲ್ಲ ಇಲ್ಲಿ ಜಾಸ್ತಿ ಕಾಣುವುದು. ಗೂಡು ಕಟ್ಟಲು ಬರುವ ನಮ್ಮ ನಾಡಿನವೇ. ಬಣ್ಣದ ಕೊಕ್ಕರೆ ಕಡ್ಡಿ ಕಚ್ಚಿಕೊಂಡು ಬರುವುದನ್ನು ನೋಡುವುದು ಖುಷಿ, ನಿಜ. ಆದರೆ ಚಳಿಗಾಲ ಅನ್ನಿಸುವುದಿಲ್ಲ.

ಕಾರು

ಹೆಸರಘಟ್ಟದ ಹುಲ್ಲುಗಾವಲು ಬೆಂಗಳೂರಿಗೆ ಇಷ್ಟು ಹತ್ತಿರ ಇನ್ನೂ ಉಳಿದಿದೆ ಅನ್ನುವುದೇ ಆಶ್ಚರ್ಯ. ಇಲ್ಲಿ ಚಳಿಗಾಲದ ನಾಯಕರು ಹ್ಯಾರಿಯರ್ ಗಿಡುಗಗಳು. ಹುಲ್ಲಿಗೆ ತಾಗಿದಂತೆ ತೇಲುತ್ತಾ ಬರುತ್ತವೆ, ಇಲಿಯೋ ಚಿಕ್ಕ ಹಕ್ಕಿಯೋ ಕಂಡರೆ ಗಕ್ಕನೆ ತಿರುಗಿ ಇಳಿಯುತ್ತವೆ. ನಡೆದು ಹೋದರೆ ದೂರದಲ್ಲೇ ದಿಕ್ಕು ಬದಲಿಸುತ್ತವೆ. ನಿಂತ ಕಾರನ್ನು ಮಾತ್ರ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಕಿಟಕಿ ಗಾಜು ಇಳಿಸಿ, ಅಕ್ಕಿ ತುಂಬಿದ ಬಟ್ಟೆ ಚೀಲ ಇಟ್ಟು, ಅದರ ಮೇಲೆ ಲೆನ್ಸ್ ಒರಗಿಸಿದರೆ ಯಾವ ಟ್ರೈಪಾಡೂ ಬೇಡ. ಎಂಜಿನ್ ಆಫ್ ಮಾಡಲೇಬೇಕು. ಇಲ್ಲದಿದ್ದರೆ ನಡುಕ ಫೋಟೊದಲ್ಲಿ ಕಾಣುತ್ತದೆ.

ಫೋಟೊ ನಿಜಕ್ಕೂ ಉಪಯೋಗಕ್ಕೆ ಬಂದದ್ದು ನನಗೆ ಇಲ್ಲೇ. ಪ್ಯಾಲಿಡ್ ಹ್ಯಾರಿಯರ್, ಮಾಂಟೆಗ್ಯು ಹ್ಯಾರಿಯರ್ ಎರಡರ ಮರಿಗಳೂ ಹೆಣ್ಣುಗಳೂ ಕಂದು ಬಣ್ಣ. ಬರಿಗಣ್ಣಿಗೆ ಎರಡೂ ಒಂದೇ. ಫೋಟೊ ದೊಡ್ಡದು ಮಾಡಿ ಕತ್ತಿನ ಕಡೆ ನೋಡಬೇಕು. ಕೆನ್ನೆಯ ಕಪ್ಪಿನ ಹಿಂದೆ ಬಿಳಿ ಪಟ್ಟಿ ಕಾಲರ್ ಥರ ಸ್ಪಷ್ಟವಾಗಿ ಸುತ್ತಿದ್ದರೆ ಪ್ಯಾಲಿಡ್. ಮಾಂಟೆಗ್ಯುವಿಗೆ ಆ ಕಾಲರ್ ಇರುವುದಿಲ್ಲ. ಮಾರ್ಷ್ ಹ್ಯಾರಿಯರ್ ಈ ಗೊಂದಲದಲ್ಲಿ ಇಲ್ಲ. ಅದು ದಪ್ಪ, ಹೆಣ್ಣಿನ ತಲೆ ಕೆನೆ ಬಣ್ಣ, ಹುಲ್ಲಿಗಿಂತ ಕೆರೆ ಅಂಚೇ ಅದಕ್ಕೆ ಇಷ್ಟ. ಇಂಥ ಫೋಟೊ ಗೋಡೆಗೆ ಹಾಕುವಂಥದ್ದಲ್ಲ. ಆದರೆ ಇ-ಬರ್ಡ್‌ಗೆ (ನೋಡಿದ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) ಹೆಸರು ಹಾಕುವಾಗ ಕೈ ನಡುಗುವುದಿಲ್ಲ.

ಕಾರಿನ ಕಷ್ಟ ಕಾರೇ. ಒಳ್ಳೆ ಆ್ಯಂಗಲ್ ಬೇಕು ಅಂತ ದಾರಿ ಬಿಟ್ಟು ಹುಲ್ಲಿನ ಮೇಲೆ ಓಡಿಸುವವರು ಇದ್ದಾರೆ. ನೆಲದ ಮೇಲೆ ಗೂಡು ಮಾಡುವ ಬಾನಾಡಿ (ಲಾರ್ಕ್) ಹಕ್ಕಿಗಳ ಜಾಗ ಅದು. ಹ್ಯಾರಿಯರ್‌ಗಳೂ ರಾತ್ರಿ ಮಲಗುವುದು ಹುಲ್ಲಿನ ನಡುವೆ ನೆಲದ ಮೇಲೆಯೇ. ಒಂದು ಫೋಟೊಗೆ ಇಷ್ಟೆಲ್ಲಾ ತುಳಿಯಬೇಕಾ?

ಹೈಡ್

ಫೋಟೊ ಒಂದೇ ಲೆಕ್ಕ ಅಂದರೆ ಗಣೇಶಗುಡಿ ಗೆದ್ದಿತು, ಮುಂದೆ ಓದಬೇಕಾಗಿಲ್ಲ. ಜೋಯಿಡಾ ತಾಲ್ಲೂಕಿನ ಕಾಡಿನೊಳಗೆ ಓಲ್ಡ್ ಮ್ಯಾಗಜೀನ್ ಹೌಸ್ ಇದೆ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ. ಈಗ ಅಲ್ಲಿ ಹಕ್ಕಿಗಳಿಗೆ ನೀರಿನ ತೊಟ್ಟಿಗಳಿವೆ. ನಾವು ಮರೆಯಲ್ಲಿ ಕೂತು ಕಾಯಬೇಕು. ದೂರ ಎಷ್ಟು ಕಡಿಮೆ ಅಂದರೆ 600ರ ಲೆನ್ಸ್ ಅನ್ನು 300ಕ್ಕೆ ಇಳಿಸಬೇಕಾಗುತ್ತದೆ.

ಸಂಜೆ ನಾಲ್ಕರ ಮೇಲೆ ಆಟ ಶುರು. ಮೊದಲು ಪಿಕಳಾರಗಳು, ಕೆಂಪು ಗಂಟಲಿನ ಹಳದಿ ಪಿಕಳಾರವೂ ಸೇರಿ. ಆಮೇಲೆ ಕಿತ್ತಳೆ ತಲೆಯ ನೆಲಸಿಳ್ಳಾರ. ಹಿಮಾಲಯದಿಂದ ಬರುವ ಬ್ಲೂ-ಕ್ಯಾಪ್ಡ್ ರಾಕ್ ಥ್ರಷ್ ಬಂದರೆ ಹೈಡ್ ತುಂಬಾ ಕ್ಲಿಕ್ ಕ್ಲಿಕ್. ಎಲ್ಲಕ್ಕಿಂತ ಕೊನೆಗೆ ಇಂಡಿಯನ್ ಬ್ಲೂ ರಾಬಿನ್. ಬೆನ್ನು ಗಾಢ ನೀಲಿ, ಹೊಟ್ಟೆ ಕಿತ್ತಳೆ ಕಂದು, ಕಣ್ಣಿನ ಮೇಲೆ ಬಿಳಿ ಹುಬ್ಬು. ಪೊದೆ ಕೆಳಗಿನ ತರಗೆಲೆ ಮೇಲೆ ಎರಡು ಹಾರು ಹಾರಿ ನಿಲ್ಲುತ್ತದೆ. ಬಾಲ ಪಟಪಟ ಅಲ್ಲಾಡಿಸುತ್ತದೆ. ಮತ್ತೆ ಪೊದೆಗೆ ಹೋಗುತ್ತದೆ. ಇನ್ನೊಮ್ಮೆ ಬರುತ್ತದೆ. ತೊಟ್ಟಿ ಅಂಚಿಗೆ ಬಂದು, ಕತ್ತು ಚಾಚಿ, ಏನೋ ನೆನಪಾದಂತೆ ವಾಪಸ್. ಕೊನೆಗೂ ನೀರಿಗಿಳಿಯುವ ಹೊತ್ತಿಗೆ ಬೆಳಕೇ ಇರುವುದಿಲ್ಲ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 3200, ಷಟರ್ 1/125. ಆದರೂ ಹತ್ತಿರ ಇರುವುದರಿಂದ ಗರಿ ಗರಿಯೂ ಎಣಿಸುವಂತೆ ಬರುತ್ತದೆ. ಇಲ್ಲಿ ಟ್ರೈಪಾಡ್ ಇಲ್ಲದೆ ಹೋಗಲೇಬೇಡಿ.

ಮತ್ತೆ ತಕರಾರು ಏನು? ಮನೆಗೆ ಬಂದು ಫೋಟೊ ತೆರೆದರೆ ಎಲ್ಲಾ ಹಕ್ಕಿಗಳೂ ಅದೇ ಕಲ್ಲಿನ ಮೇಲೆ, ಅದೇ ಪಾಚಿ ಹಿನ್ನೆಲೆಯಲ್ಲಿ. ನನ್ನ ಫೋಟೊ, ಪಕ್ಕದವರ ಫೋಟೊ, ಹೋದ ವರ್ಷ ಬಂದವರ ಫೋಟೊ, ಗುರುತು ಹಿಡಿಯಲು ಆಗುವುದಿಲ್ಲ. ಹಕ್ಕಿ ಸ್ನಾನ ಮಾಡುವುದು ಗೊತ್ತಾಯಿತು. ಏನು ತಿನ್ನುತ್ತದೆ, ಯಾರ ಜೊತೆ ಜಗಳ ಆಡುತ್ತದೆ, ಎಲ್ಲಿ ಮಲಗುತ್ತದೆ, ಒಂದೂ ಗೊತ್ತಾಗಲಿಲ್ಲ. ಇನ್ನು ಹುಳ ಹಾಕಿ, ಮೊಬೈಲ್‌ನಲ್ಲಿ ಕೂಗು ಹಾಕಿ ಹಕ್ಕಿ ಕರೆಸುವ ಜಾಗಗಳೂ ದೇಶದಲ್ಲಿ ಬೇಕಾದಷ್ಟಿವೆ. ಅವನ್ನು ನಾನು ಈ ಹೋಲಿಕೆಗೇ ಸೇರಿಸಿಲ್ಲ.

ಕೆರೆ ದಂಡೆ

ಮಾಗಡಿ ಕೆರೆಯಲ್ಲಿ ನನಗೆ ಸಿಕ್ಕ ಫೋಟೊಗಳು ನಾಲ್ಕರಲ್ಲಿ ಅತಿ ಸಾಧಾರಣ. ಆದರೂ ವರ್ಷಕ್ಕೆ ಒಂದೇ ಕಡೆ ಹೋಗು ಅಂದರೆ ಅಲ್ಲಿಗೇ ಹೋಗುತ್ತೇನೆ.

2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ, ಸುಮಾರು 54 ಹೆಕ್ಟೇರಿನ ಕೆರೆ ಇದು. ಬಯಲು ಸೀಮೆಯ ಹೊಲಗಳ ನಡುವೆ ಇದೆ. ಇಲ್ಲಿಗೆ ಬರುವ ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ. 7,000 ಮೀಟರಿಗಿಂತ ಮೇಲೆ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ನಂಬರ್ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಮಸುಕು ಫೋಟೊ ಆದರೂ ಸರಿ, ನಂಬರ್ ಓದುವಂತಿದ್ದರೆ ಹಕ್ಕಿ ಎಲ್ಲಿಯದು ಅಂತ ತಿಳಿದುಕೊಳ್ಳಬಹುದು. ಗಣೇಶಗುಡಿಯ ಯಾವ ಫೋಟೊಗೂ ಈ ಬೆಲೆ ಇಲ್ಲ.

ದಂಡೆಯ ಮೇಲೆ ಜನ ಕಂಡರೆ ಹೆಬ್ಬಾತುಗಳು ಮೆಲ್ಲಗೆ ಕೆರೆ ನಡುವೆ ಜಾರುತ್ತವೆ. 600 ಸಾಲುವುದಿಲ್ಲ. ಬಿಸಿಲು ಏರಿದ ಮೇಲೆ ನೀರಿನ ಮೇಲಿನ ಗಾಳಿ ಕುಣಿಯಲು ಶುರುವಾಗುತ್ತದೆ, ಆಗ ಎಂಥಾ ದುಬಾರಿ ಲೆನ್ಸ್ ಇದ್ದರೂ ಫೋಕಸ್ ನಿಲ್ಲದು. ಒಂಬತ್ತರ ಒಳಗೆ ಮುಗಿಸಬೇಕು.

ಆ ಒಂಬತ್ತರ ಒಳಗೆ ಎಷ್ಟೊಂದು ನಡೆಯುತ್ತದೆ! ಒಬ್ಬ ರೈತರು ಹೇಳಿದರು: "ರಾತ್ರಿ ನಮ್ಮ ಹೊಲದಾಗ ಮೇಯ್ತಾವ್ರೀ. ಬೆಳಕ ಹರೀತಂದ್ರ ಕೆರಿಗೆ ಬಂದ ಮಕ್ಕೋತಾವು." ಹಾಗೇ ಆಗುತ್ತದೆ. ಕಡಲೆ, ಶೇಂಗಾ ಹೊಲಗಳ ಕಡೆಯಿಂದ ಕೂಗುತ್ತಾ ಗುಂಪು ಗುಂಪಾಗಿ ಬಂದು ಇಳಿಯುತ್ತವೆ. ಇಲ್ಲಿ ಒಂದು ಉಪಾಯ ಇದೆ. ಹಕ್ಕಿ ಇಳಿಯುವಾಗ ಗಾಳಿಗೆ ಎದುರಾಗಿ ಇಳಿಯುತ್ತದೆ. ಚಳಿಗಾಲದಲ್ಲಿ ಇಲ್ಲಿ ಮೂಡುಗಾಳಿಯೇ ಹೆಚ್ಚು. ಅಂದರೆ ಮೂಡಣ ದಿಕ್ಕಿನ ದಂಡೆಯಲ್ಲಿ ನಿಂತರೆ ಸೂರ್ಯ ನಮ್ಮ ಬೆನ್ನಿಗೆ, ಹೆಬ್ಬಾತು ನಮ್ಮ ಮುಖಕ್ಕೆ. ಕಾಲು ಮುಂದೆ ಚಾಚಿ, ರೆಕ್ಕೆ ಬಿಚ್ಚಿ, ಮುಖದ ಮೇಲೆ ಬಿಸಿಲು ಬಿದ್ದ ಹಕ್ಕಿ ನೇರ ಲೆನ್ಸ್‌ಗೇ ಬರುತ್ತದೆ. ಇಡೀ ದಿನದಲ್ಲಿ ಒಳ್ಳೆ ಫೋಟೊ ಸಿಗುವುದು ಆ ಹೊತ್ತಿನಲ್ಲಿ ಮಾತ್ರ.

ಆಮೇಲೆ ಕ್ಯಾಮೆರಾ ಕೆಳಗಿಟ್ಟು 8x42 ಬೈನಾಕ್ಯುಲರ್ ಹಿಡಿಯುವುದು ಮೇಲು. ಗುಂಪಿನಲ್ಲಿ ಬಹಳಷ್ಟು ಹಕ್ಕಿ ಕೊಕ್ಕು ಬೆನ್ನಿಗೆ ಸಿಕ್ಕಿಸಿ ಮಲಗಿರುತ್ತವೆ. ಒಂದೆರಡು ಮಾತ್ರ ಕತ್ತು ಎತ್ತಿ ಕಾವಲು. ಚಳಿಗಾಲದ ಶುರುವಿನಲ್ಲಿ ಹೋದರೆ ತಲೆಯ ಪಟ್ಟೆ ಸರಿಯಾಗಿ ಮೂಡದ ಬೂದು ತಲೆಗಳು ಕಾಣುತ್ತವೆ, ಅವು ಆ ವರ್ಷದ ಮರಿಗಳು. ಹುಟ್ಟಿದ ವರ್ಷವೇ ಹಿಮಾಲಯ ದಾಟಿದವು! ಗುಂಪು ಹಾರುವ ಮುಂಚೆ ತಲೆ ಕೊಡವುತ್ತವೆ, ಕೂಗು ಏರುತ್ತದೆ. ಅದು ಕಂಡ ಕೂಡಲೇ ಕ್ಯಾಮೆರಾ ಎತ್ತಿದರೆ ಹಾರುವ ಫೋಟೊ ತಪ್ಪುವುದಿಲ್ಲ. ಮಾರ್ಷ್ ಹ್ಯಾರಿಯರ್ ಕೆರೆ ಮೇಲೆ ಬಂದಾಗ ನಾಮದ ಕೋಳಿಗಳು ಓಡೋಡಿ ಒಂದೇ ಕಪ್ಪು ಮುದ್ದೆಯಾಗಿ ಸೇರುವುದನ್ನೂ ಇಲ್ಲೇ ನೋಡಿದ್ದು. ಹೈಡ್‌ನಲ್ಲಿ ಇದ್ಯಾವುದೂ ಇಲ್ಲ.

ಹಾಗಾದರೆ ಯಾರು ಎಲ್ಲಿಗೆ?

ಮನೆಯವರು, ಮಕ್ಕಳು, ವಯಸ್ಸಾದವರ ಜೊತೆ ಹೋಗುವುದಾದರೆ ಕಣ್ಣು ಮುಚ್ಚಿಕೊಂಡು ರಂಗನತಿಟ್ಟು. ಹೊಸ ಲೆನ್ಸ್ ಕೊಂಡಿದ್ದೀರಿ, ನಾಲ್ಕು ಜನ ಹೊಗಳುವ ಫೋಟೊ ಬೇಕು ಅಂದರೆ ಗಣೇಶಗುಡಿ. ಉಳಿಯುವ ಖರ್ಚು ಸೇರಿ ನಾಲ್ಕರಲ್ಲಿ ಜಾಸ್ತಿ ದುಡ್ಡು ಹೋಗುವುದೂ ಅಲ್ಲೇ. ಹದ್ದು ಗಿಡುಗಗಳ ಗುರುತು ಕಲಿಯಬೇಕು, ಬೆಂಗಳೂರಿನಲ್ಲೇ ಇದ್ದೀರಿ ಅಂದರೆ ಭಾನುವಾರ ಬೆಳಿಗ್ಗೆ ಹೆಸರಘಟ್ಟ ಸಾಕು.

ಮೈಸೂರಿನವರು ಹೆಬ್ಬಾತಿಗಾಗಿ ಗದಗಿನ ತನಕ ಬರಬೇಕಾಗಿಲ್ಲ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೂ ಅವು ಬರುತ್ತವೆ. ನಾನು ಹೇಳಿದ ಗಾಳಿ-ಬೆಳಕಿನ ಲೆಕ್ಕ ಅಲ್ಲೂ ಪರೀಕ್ಷೆ ಮಾಡಿ ನೋಡಬಹುದು. ಮಾಗಡಿಗೇ ಬರುವುದಾದರೆ ಜನವರಿಯಲ್ಲಿ ಬನ್ನಿ, ಮಾರ್ಚ್ ಹೊತ್ತಿಗೆ ಹೆಬ್ಬಾತುಗಳು ವಾಪಸ್ ಹೊರಡುತ್ತವೆ. ರಾತ್ರಿ ಗದಗಿನಲ್ಲೋ ಲಕ್ಷ್ಮೇಶ್ವರದಲ್ಲೋ ಉಳಿದು, ಕತ್ತಲಿರುವಾಗಲೇ ದಂಡೆ ತಲುಪಿ. ಸ್ವೆಟರ್ ತನ್ನಿ, ಬಯಲು ಸೀಮೆ ಅಂತ ಸಸಾರ ಬೇಡ. ಕೆಂಪು, ಬಿಳಿ ಬಟ್ಟೆ ಮಾತ್ರ ಬೇಡ.