ಆಕ್ಸ್‌ಫರ್ಡ್ ಕಾಲೊಕೇಶನ್ಸ್ ಡಿಕ್ಷನರಿ: ಎರಡು ವರ್ಷ ಬಳಸಿ ನೋಡಿದ್ದು

ನಾನು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಗ್ರಾಮರ್ ಅಂತೂ ಬಾಯಿಪಾಠ, ನಿದ್ದೇಲಿ ಎಬ್ಬಿಸಿ ಟೆನ್ಸ್ ಕೇಳಿದ್ರೂ ಹೇಳ್ತಿದ್ದೆ, ಆದ್ರೂ ಆಫೀಸಲ್ಲಿ ನನ್ನ ಮೇಲ್ ನೋಡಿ ಮ್ಯಾನೇಜರ್ "ಅರ್ಥ ಆಗುತ್ತೆ ಮಾರಾಯ, ಆದ್ರೆ ಹಿಂಗೆ ಯಾರೂ ಬರೆಯಲ್ಲ" ಅನ್ನೋರು. ಅರ್ಥ ಆಗೋದನ್ನ ಇನ್ನೇನಂತ ತಿದ್ದೋದು?

ಆವತ್ತು ನಾನು ಬರೆದಿದ್ದು "ಡಿಡ್ ಎ ಮಿಸ್ಟೇಕ್" ಅಂತ. ನಾವು ತಪ್ಪೂ ಮಾಡ್ತೀವಿ, ಹೋಮ್‌ವರ್ಕೂ ಮಾಡ್ತೀವಿ, ಟೀನೂ ಮಾಡ್ತೀವಿ, ಎಲ್ಲಕ್ಕೂ ಒಂದೇ ಮಾಡು. ಇಂಗ್ಲಿಷ್‌ನೋರಿಗೆ ಹೋಮ್‌ವರ್ಕಿಗೆ ಮಾತ್ರ ಡೂ, ಮಿಸ್ಟೇಕಿಗೂ ಟೀಗೂ ಮೇಕ್. ಯಾಕೆ ಅಂದ್ರೆ ರೂಲ್ ಏನೂ ಇಲ್ಲ, ರೂಢಿ ಅಷ್ಟೇ. ನಮ್ಮಲ್ಲೂ ಹಂಗೇ ಅಲ್ವಾ, ಏಟು ತಿಂತೀವಿ, ಆಣೆ ಇಡ್ತೀವಿ, ಹಠ ಹಿಡೀತೀವಿ. ಹೊಸದಾಗಿ ಕನ್ನಡ ಕಲಿಯೋರು ಯಾರಾದ್ರೂ "ಮಗು ಹಠ ತಗೊಂಡಿದೆ" ಅಂದ್ರೆ ಅರ್ಥಾನೂ ಆಗುತ್ತೆ, ನಗೂನೂ ಬರುತ್ತೆ.

ಹಿಂಗೆ ಯಾವ ಪದದ ಜೊತೆ ಯಾವ ಪದ ಕೂರುತ್ತೆ ಅನ್ನೋದಕ್ಕೇ ಕಾಲೊಕೇಶನ್ ಅನ್ನೋದು. (ಭಾಷಾಶಾಸ್ತ್ರದಲ್ಲಿ ಆ ಮಾತನ್ನ ಚಾಲ್ತಿಗೆ ತಂದ ಜೆ.ಆರ್. ಫರ್ತ್ 1920ರ ದಶಕದಲ್ಲಿ ಲಾಹೋರಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ರು, ನಮ್ಮಂಥೋರ ಉತ್ತರಪತ್ರಿಕೆ ತಿದ್ದಿ ತಿದ್ದಿಯೇ ಹೊಳೀತೋ ಏನೋ!)

ಈ ಡಿಕ್ಷನರಿ ಮೊದಲು ಬಂದಿದ್ದು 2002ರಲ್ಲಿ, ನನ್ನ ಹತ್ರ ಇರೋದು 2009ರ ಎರಡನೇ ಎಡಿಷನ್, 2.5 ಲಕ್ಷ ಜೋಡಿಗಳಿವೆ ಅಂತಾರೆ. ತಂದ ಮೊದಲನೇ ವಾರ ನಂಗೆ ಬೇಜಾರೇ ಆಯ್ತು, ಯಾಕಂದ್ರೆ ಇದರಲ್ಲಿ ಪದದ ಅರ್ಥವೇ ಕೊಟ್ಟಿಲ್ಲ, ಇದೆಂಥ ಡಿಕ್ಷನರಿ ಅಂತ ಮೂಲೇಲಿಟ್ಟೆ. ಆಮೇಲೆ ಗೊತ್ತಾಯ್ತು, ಇದು ಓದೋಕಲ್ಲ, ಬರೆಯೋಕೆ ಕೂತಾಗ ಪಕ್ಕದಲ್ಲಿಟ್ಟುಕೊಳ್ಳೋ ಪುಸ್ತಕ. ಟ್ರಿಕ್ ಏನಂದ್ರೆ ನಮಗೆ ಗೊತ್ತಿರೋ ನಾಮಪದದಿಂದ ಶುರು ಮಾಡಬೇಕು. ಡಿಸಿಷನ್ ಅಂತ ತೆಗೆದ್ರೆ ಅದರ ಹಿಂದೆ ಬರೋ ವಿಶೇಷಣ ಒಂದು ಕಡೆ, ಕ್ರಿಯಾಪದ ಒಂದು ಕಡೆ: ಮೇಕ್, ಟೇಕ್, ರೀಚ್, ಕಮ್ ಟು.

ನಂಗೆ ನಿಜವಾಗ್ಲೂ ಕಣ್ಣು ತೆರೆಸಿದ್ದು ನಮ್ಮ "ಜೋರು". ಜೋರು ಮಳೆ, ಜೋರು ಗಾಳಿ, ಜೋರು ದನಿ, ಜೋರು ಜ್ವರ, ಒಂದೇ ಪದದಲ್ಲಿ ಕೆಲಸ ಮುಗೀತು, ಇಂಗ್ಲಿಷಲ್ಲಿ ಮಳೆ ಹೆವಿ, ಗಾಳಿ ಸ್ಟ್ರಾಂಗ್, ದನಿ ಲೌಡ್, ಜ್ವರ ಹೈ. ನಾನು ಇಷ್ಟು ವರ್ಷ ಎಲ್ಲದಕ್ಕೂ "ವೆರಿ" ಸೇರಿಸಿ ಬಚಾವಾಗ್ತಿದ್ದೆ.

ಒಂದು ಎಚ್ಚರ. ಇದರಲ್ಲಿ ಇಲ್ಲ ಅಂದ ಮಾತ್ರಕ್ಕೆ ತಪ್ಪು ಅಂತಲ್ಲ. ಯಾವುದು ತಪ್ಪು ಅಂತ ಪಟ್ಟಿ ಮಾಡೋದು ಇದರ ಕೆಲಸಾನೇ ಅಲ್ಲ. ನಾವು ಪರೀಕ್ಷೆ ಬರೀತೀವಲ್ಲ, ಬ್ರಿಟನ್ನಿನೋರು ಟೇಕ್ ಇಲ್ಲಾ ಸಿಟ್ ಅಂತಾರೆ, ಅದನ್ನ ನೋಡಿ ಆಫೀಸಲ್ಲೆಲ್ಲ ರೈಟ್ ಅನ್ನೋರನ್ನ ತಿದ್ದಿಕೊಂಡು ಓಡಾಡ್ತಿದ್ದೆ. ಕೊನೆಗೆ ಟೊರಾಂಟೊದಲ್ಲಿರೋ ಅತ್ತೆ ಮಗಳು ಫೋನಲ್ಲಿ ಹೇಳಿದ್ಲು, ಕೆನಡಾದಲ್ಲಿ ಎಲ್ಲರೂ ರೈಟ್ ಆ್ಯನ್ ಎಕ್ಸಾಮ್ ಅಂತಾನೇ ಅನ್ನೋದು ಕಣೋ ಅಂತ. ಬಾಯಿ ಮುಚ್ಕೊಂಡೆ.

ಅಭ್ಯಾಸ ಬೇಕು ಅನ್ನೋರಿಗೆ ಕೇಂಬ್ರಿಜ್‌ನ ಇಂಗ್ಲಿಷ್ ಕಾಲೊಕೇಶನ್ಸ್ ಇನ್ ಯೂಸ್ ವಾಸಿ, 60 ಯೂನಿಟ್, ಎಡಗಡೆ ಪಾಠ, ಬಲಗಡೆ ಎಕ್ಸರ್ಸೈಜ್, ಹಿಂದೆ ಉತ್ತರಾನೂ ಇದೆ. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಓದೋರು ಎರಡನ್ನೂ ಇಟ್ಕೊಳ್ಳಿ, ರೈಟಿಂಗಲ್ಲಿ ಇದಕ್ಕೂ ಮಾರ್ಕ್ಸ್ ನೋಡ್ತಾರೆ. ಇಂಗ್ಲಿಷ್ ಈಗಷ್ಟೇ ಶುರು ಮಾಡಿರೋರು ಮಾತ್ರ ಸದ್ಯಕ್ಕೆ ತಗೋಬೇಡಿ, ಅರ್ಥ ನೋಡೋಕೆ ಇನ್ನೊಂದು ಡಿಕ್ಷನರಿ ಬೇಕಾಗುತ್ತೆ, ಎರಡು ದಪ್ಪ ಪುಸ್ತಕ ಹೊತ್ಕೊಂಡು ಕೂರೋದು ಯಾರಿಗೆ ಬೇಕು. ನನ್ನ ಕಡೆಯಿಂದ 5ಕ್ಕೆ 4.