‘ಬೀಟಲ್ಸ್ ಗಿಟಾರ್ ಅಟ್ಟದಲ್ಲಿದೆ’ ಅಂತ ಯಾರಾದರೂ ಫೋನ್ ಮಾಡಿದರೆ ದುಡ್ಡು ಕೊಡಬೇಡಿ

ಚಿಕ್ಕಮಗಳೂರು, ಹಾಸನ ಕಡೆ ಹಳೇ ಗಿಟಾರ್ ಹುಡುಕುವವರು ಯಾರಾದರೂ ಇದ್ದರೆ ಇದನ್ನು ಪೂರ್ತಿ ಓದಿ. ಸಿಟ್ಟು ಇನ್ನೂ ಇಳಿದಿಲ್ಲ. ಬರೆಯುವಾಗ ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ಒಬ್ಬ ಮನುಷ್ಯ ಇದ್ದಾನೆ. ಒಮ್ಮೆ ಬ್ರೋಕರ್ ಅನ್ನುತ್ತಾನೆ, ಒಮ್ಮೆ ತೋಟದ ಲೆಕ್ಕ ಬರೆಯುವ ರೈಟರ್ ಅನ್ನುತ್ತಾನೆ. ಮೂಡಿಗೆರೆ ಹತ್ತಿರ ಹಳೇ ಎಸ್ಟೇಟ್ ಬಂಗಲೆಯ ಅಟ್ಟದಲ್ಲಿ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನವರ ಮಾರ್ಟಿನ್ ಕಂಪನಿಯ ಗಿಟಾರ್ ಇದೆ, ಸಾಹುಕಾರ್ರಿಗೆ ಅದರ ಬೆಲೆ ಗೊತ್ತಿಲ್ಲ, ಇದು ಅವನ ಕಥೆ. ಈ ಕಥೆಗೆ ನನ್ನ 40 ಸಾವಿರ ಹೋಗಿದೆ.

ದೊಡ್ಡ ದೊಡ್ಡ ಸಂಗೀತಗಾರರ ಗಿಟಾರ್ ಈಗ ಎಲ್ಲಿದೆ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಹುಡುಕಿ ಬರೆದಿಡುವುದು ನನ್ನ ಹುಚ್ಚು. ಸ್ನೇಹಿತರಿಗೆಲ್ಲ ಗೊತ್ತು. ಅವನಿಗೂ ಅಲ್ಲಿಂದಲೇ ಗೊತ್ತಾಗಿದೆ. ನನಗೆ ಏನು ಹೇಳಿದರೆ ಕಿವಿ ನೆಟ್ಟಗಾಗುತ್ತದೆ ಅಂತ ತಿಳಿದುಕೊಂಡೇ ಫೋನ್ ಮಾಡಿದ್ದಾನೆ. ಅದೇ ಜಾಸ್ತಿ ಉರಿಯುವುದು.

ಕಥೆಯಲ್ಲಿ ಅರ್ಧ ನಿಜ. 1968ರ ಫೆಬ್ರವರಿಯಲ್ಲಿ ಬೀಟಲ್ಸ್ ಋಷಿಕೇಶದ ಆಶ್ರಮಕ್ಕೆ ಬಂದಿದ್ದು ನಿಜ. ಬ್ಯಾಂಡಿನ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಇಬ್ಬರ ಹತ್ತಿರವೂ ಮಾರ್ಟಿನ್‌ನ ಡಿ-28 ಮಾಡೆಲ್ ಗಿಟಾರ್ ಇದ್ದಿದ್ದು ನಿಜ. ಏಪ್ರಿಲ್‌ನಲ್ಲಿ ಲೆನನ್, ಬ್ಯಾಂಡಿನ ಇನ್ನೊಬ್ಬ ಜಾರ್ಜ್ ಹ್ಯಾರಿಸನ್ ದಿಢೀರ್ ಅಂತ ಆಶ್ರಮ ಬಿಟ್ಟು ಹೊರಟಿದ್ದೂ ನಿಜ. ಈ ಅವಸರದಲ್ಲಿ ಒಂದು ಗಿಟಾರ್ ಅಲ್ಲೇ ಉಳಿಯಿತಂತೆ. ಸಾಹುಕಾರ್ರ ತಂದೆ ಆಗ ಯಾತ್ರೆಗೆ ಹೋಗಿದ್ದರಂತೆ. ಆಶ್ರಮದ ಆಳೊಬ್ಬ ಅವರಿಗೆ ಕೊಟ್ಟನಂತೆ. ಎಲ್ಲ ಅಂತೆ ಅಂತೆ.

ನಾನು ಮೊದಲು ಕೇಳಿದ್ದು ಯಾರ ಗಿಟಾರ್ ಅಂತ. ‘ಪಾಲ್ ಮೆಕಾರ್ಟ್ನಿದು ಸಾರ್’ ಅಂದ. ಪಾಲ್ ಎಡಗೈಯವರು, ತಂತಿ ಉಲ್ಟಾ ಕಟ್ಟಿರಬೇಕಲ್ಲ, ಹಾಗಿದೆಯಾ ಅಂದೆ. ಎರಡು ಸೆಕೆಂಡ್ ಸುಮ್ಮನಿದ್ದ. ‘ಹಾಗಾದ್ರೆ ಜಾನ್‌ದು ಇರಬೇಕು ಸಾರ್. ಸಾಹುಕಾರ್ರಿಗೆ ವಯಸ್ಸಾಗಿದೆ, ಹೆಸರು ಅದಲು ಬದಲು ಮಾಡ್ತಾರೆ.’

ಸೀರಿಯಲ್ ನಂಬರ್ ಕೇಳಿದೆ. ‘ಒಳಗೆ ಕೈ ಹಾಕಿದ್ರೆ ಆಂಟಿಕ್ ವ್ಯಾಲ್ಯೂ ಹೋಗುತ್ತೆ ಸಾರ್.’ ಫೋಟೋ ಕೇಳಿದೆ. ಕತ್ತಲೆಯಲ್ಲಿ ತೆಗೆದ ಮಸುಕು ಫೋಟೋ ಬಂತು, ಹೆಡ್ ಮೇಲೆ, ಅಂದರೆ ಗಿಟಾರಿನ ತುದಿಯ ತಲೆ ಮೇಲೆ, ಮಾರ್ಟಿನ್ ಅನ್ನುವ ಹೆಸರು ಮಾತ್ರ ಕಾಣುತ್ತಿತ್ತು. ವಿಡಿಯೋ ಕಾಲ್ ಮಾಡು ಅಂದೆ. ‘ಎಸ್ಟೇಟ್‌ನಲ್ಲಿ ನೆಟ್‌ವರ್ಕ್ ಇಲ್ಲ ಸಾರ್, ನಿಮಗೆ ಗೊತ್ತಲ್ಲ ನಮ್ಮ ಕಡೆ.’ ಗೊತ್ತು. ಅದಕ್ಕೇ ಆ ಮಾತಿಗೆ ಎದುರು ಮಾತಿಲ್ಲ.

ನಾನು ಅನುಮಾನ ಪಟ್ಟಾಗಲೆಲ್ಲ ಒಂದೊಂದು ಸುದ್ದಿ ಕಳಿಸುತ್ತಿದ್ದ. ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ ಕಂಪನಿಯ ಬೇಸ್ ಗಿಟಾರ್ 1972ರಲ್ಲಿ ಲಂಡನ್‌ನಲ್ಲಿ ವ್ಯಾನ್‌ನಿಂದ ಕಳುವಾಗಿತ್ತು. ಅದು ಸಸೆಕ್ಸ್‌ನ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿದ್ದು, ವಾಪಸ್ ಬಂದ ಸುದ್ದಿ 2024ರಲ್ಲಿ ಹೊರಬಿದ್ದಿದ್ದು ಎಲ್ಲರಿಗೂ ಗೊತ್ತು. ಅದೇ ವರ್ಷ ಇಂಗ್ಲೆಂಡಿನ ಇನ್ನೊಂದು ಅಟ್ಟದಲ್ಲಿ ಸಿಕ್ಕ ಲೆನನ್‌ರ ಹನ್ನೆರಡು ತಂತಿಯ ಫ್ರಾಮಸ್ ಗಿಟಾರ್ ಸುಮಾರು 29 ಲಕ್ಷ ಡಾಲರಿಗೆ ಹರಾಜಾಯಿತು. ‘ನೋಡಿ ಸಾರ್, ಅಲ್ಲೂ ಅಟ್ಟ, ಇಲ್ಲೂ ಅಟ್ಟ!’ ಇದನ್ನು ಅವನು ನಗುತ್ತಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಅವನು ಹೇಳದೆ ಬಿಟ್ಟಿದ್ದೇನು ಗೊತ್ತಾ? ಅಟ್ಟದ ಕಥೆ ಕೇಳಿದ ಮಾತ್ರಕ್ಕೆ ಅಲ್ಲಿ ಯಾರೂ ನಂಬಲಿಲ್ಲ. ಹಾಫ್ನರ್ ಬೇಸ್ ಅನ್ನು ಹಾಫ್ನರ್ ಕಂಪನಿಯವರೇ ಪರೀಕ್ಷೆ ಮಾಡಿ ಹೌದು ಅಂದರು. ಲೆನನ್ 1963ರ ಕೊನೆಗೆ ಕಳೆದುಕೊಂಡ ಗಿಬ್ಸನ್ ಜೆ-160ಇ ಗಿಟಾರಿನ ಕಥೆ ಇನ್ನೂ ಚೆನ್ನಾಗಿದೆ. ಅಮೆರಿಕದ ಒಬ್ಬರು ಅದನ್ನು 175 ಡಾಲರಿಗೆ ಸೆಕೆಂಡ್ ಹ್ಯಾಂಡ್ ಅಂತ ಕೊಂಡು ವರ್ಷಗಟ್ಟಲೆ ಮನೆಯಲ್ಲಿ ನುಡಿಸುತ್ತಿದ್ದರು. ಯಾರದು ಅಂತ ಅವರಿಗೇ ಗೊತ್ತಿರಲಿಲ್ಲ. ಆಮೇಲೆ ಸೀರಿಯಲ್ ನಂಬರ್ ತಾಳೆಯಾಯಿತು, ಹಳೇ ಫೋಟೋಗಳಲ್ಲಿ ಕಾಣುವ ಮರದ ಗೆರೆಗಳು ತಾಳೆಯಾದವು, 2015ರಲ್ಲಿ 24 ಲಕ್ಷ ಡಾಲರಿಗೆ ಹೋಯಿತು. ಕೆನಡಾದ ಸಂಗೀತಗಾರ ರ‍್ಯಾಂಡಿ ಬ್ಯಾಕ್‌ಮನ್ ಅವರ ಗ್ರೆಚ್ ಗಿಟಾರ್ 1970ರ ದಶಕದಲ್ಲಿ ಟೊರೊಂಟೊ ಹೋಟೆಲಿನಲ್ಲಿ ಕಳುವಾಗಿತ್ತು. ಅಭಿಮಾನಿಯೊಬ್ಬರು ಹಳೇ ಚಿತ್ರದಲ್ಲಿ ಕಂಡ ಮರದ ಗಂಟು ಹಿಡಿದು ಹುಡುಕಿ, ಟೋಕಿಯೋದಲ್ಲಿದೆ ಅಂತ ಪತ್ತೆ ಮಾಡಿದರು. 2022ರಲ್ಲಿ ವಾಪಸ್ ಸಿಕ್ಕಿತು. ಅವರು ಮೊದಲು ಮರ ನೋಡಿದರು, ನಂಬರ್ ನೋಡಿದರು. ಇವನು ಎರಡನ್ನೂ ತೋರಿಸಲಿಲ್ಲ.

ಇನ್ನು ದುಡ್ಡಿನ ವಿಷಯ. ಹಳೇ ಸಾಮಾನಿನ ವ್ಯವಹಾರದಲ್ಲಿ ಟೋಕನ್, ಅಂದರೆ ಮುಂಗಡ, ಕೊಡದೆ ಸಾಮಾನ್ಯವಾಗಿ ವಸ್ತು ಎತ್ತಿಡುವುದಿಲ್ಲ. ಇಷ್ಟ ಆಗದಿದ್ದರೆ ಟೋಕನ್ ವಾಪಸ್ ಅಂತ ಮಾತು. ‘ಬೆಂಗಳೂರು ಪಾರ್ಟಿ ಕಾರ್ ತಗೊಂಡು ಹೊರಟಿದ್ದಾರೆ, ನಿಮ್ಮ ಮೇಲೆ ಅಭಿಮಾನ ಅಂತ ನಿಲ್ಲಿಸಿದ್ದೀನಿ’ ಅಂದ. ಜೊತೆಗೆ ಛಾಪಾ ಕಾಗದದ ಮೇಲೆ ನೋಟರಿ ಸೀಲ್ ಹೊಡೆದ ಅಫಿಡವಿಟ್. ಋಷಿಕೇಶ, 1968, ಗಿಟಾರ್, ಎಲ್ಲ ಟೈಪ್ ಮಾಡಿಸಿದ್ದ. ನೋಟರಿ ನೋಡುವುದು ಸಹಿ ಹಾಕಿದವರು ಯಾರು ಅಂತ. ಲೆನನ್ ಗಿಟಾರ್ ಹೌದೋ ಅಲ್ಲವೋ ಅಂತ ಅವರು ನೋಡುತ್ತಾರಾ? ಆ ಕಾಗದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಆದರೆ ಸೀಲು ನೋಡಿದರೆ ನಮ್ಮ ಜನಕ್ಕೆ ಏನೋ ಧೈರ್ಯ ಬರುತ್ತದೆ, ಅದು ಅವನಿಗೆ ಗೊತ್ತು.

ಟೋಕನ್ ಅಂತ 40 ಸಾವಿರ ಕೊಟ್ಟೆ. ದುಡ್ಡು ಹೋದ ಮೇಲೆ ನೆಪಗಳು ಶುರು. ಕಾಫಿ ಕೊಯ್ಲು, ಸಾಹುಕಾರ್ರು ಬ್ಯುಸಿ. ಆಮೇಲೆ ಅವರ ಮನೇಲಿ ಮದುವೆ. ಆಮೇಲೆ ಅಟ್ಟದ ಬೀಗದ ಕೈ ಮೈಸೂರಿನಲ್ಲಿರುವ ಮಗಳ ಹತ್ತಿರ. ಕೊನೆಗೆ ಎಸ್ಟೇಟೂ ಇಲ್ಲ, ಬಂಗಲೆಯೂ ಇಲ್ಲ, ಹಾಸನದ ಒಂದು ಲಾಡ್ಜ್ ರೂಮಿಗೆ ಬರಹೇಳಿದ.

ಹೋದೆ. ಮಂಚದ ಮೇಲೆ ಗಿಟಾರ್. ರೇಷ್ಮೆ ಶಾಲು ಹೊದಿಸಿದ್ದಾನೆ! ಶಾಲು ತೆಗೆದು ಹಿಂಭಾಗ ತಟ್ಟಿ ತೋರಿಸಿ, ‘ನೋಡಿ ಸಾರ್, ಬೀಟೆ. ನಮ್ಮ ಮಲೆನಾಡಿನ ಬೀಟೆ ಮರದಲ್ಲಿ ಅಮೆರಿಕದವರು ಮಾಡಿರೋದು’ ಅಂತ ಹೆಮ್ಮೆಯಿಂದ ಹೇಳಿದ.

ಅಲ್ಲಿಗೆ ನನಗೆ ತಲೆ ಗಿರ್ ಅಂತು. ಯಾಕೆಂದರೆ ಮಾರ್ಟಿನ್‌ನವರು 1969ರವರೆಗೆ ಡಿ-28ಕ್ಕೆ ಹಾಕುತ್ತಿದ್ದಿದ್ದು ಬ್ರೆಜಿಲ್‌ನ ರೋಸ್‌ವುಡ್. ಬ್ರೆಜಿಲ್ ದಿಮ್ಮಿ ಹೊರಗೆ ಕಳಿಸುವುದಕ್ಕೆ ತಡೆ ಹಾಕಿದ ಮೇಲೆ ಭಾರತದ್ದು, ಅಂದರೆ ನಮ್ಮ ಬೀಟೆ, ಬಂತು. ಬೀಟೆಯ ಡಿ-28 ಹಿಡಿದುಕೊಂಡು 1968ರಲ್ಲಿ ಯಾರೂ ಋಷಿಕೇಶದಲ್ಲಿ ಕೂತಿರಲು ಸಾಧ್ಯವಿಲ್ಲ. ಅವನ ಬಾಯಿಂದಲೇ ಬಂತು ನೋಡಿ.

ಫೋನ್ ಟಾರ್ಚ್ ಹಾಕಿ ಗಿಟಾರ್ ಒಳಗೆ ನೋಡಿದೆ. ‘ಸಾರ್ ಸಾರ್, ಆಂಟಿಕ್!’ ಅಂತ ಕೈ ಹಿಡಿಯಲು ಬಂದ. ಬಿಡಲಿಲ್ಲ. ಗಿಟಾರಿನ ಕತ್ತು ಬಂದು ಸೇರುವ ಜಾಗದಲ್ಲಿ ಒಳಗಡೆ ಒಂದು ಮರದ ತುಂಡು ಇರುತ್ತದೆ, ಮಾರ್ಟಿನ್ ನಂಬರ್ ಅದರ ಮೇಲೆ ಹೊಡೆದಿರುತ್ತಾರೆ. ನಂಬರ್ ಇತ್ತು. ಸೊಟ್ಟಸೊಟ್ಟಗೆ, ಒಂದೊಂದು ಅಂಕಿ ಒಂದೊಂದು ಕಡೆ ವಾಲಿಕೊಂಡು. ಶುರುವಾಗುವುದು 36ರಿಂದ, ಆರು ಅಂಕಿ. ಮಾರ್ಟಿನ್ ನಂಬರ್‌ಗಳು ವರ್ಷದಿಂದ ವರ್ಷಕ್ಕೆ ಸಾಲಾಗಿ ಏರುತ್ತಾ ಹೋಗುತ್ತವೆ. 1968 ಮುಗಿದಾಗ ಅವರು 2 ಲಕ್ಷದ 42 ಸಾವಿರವನ್ನೂ ಮುಟ್ಟಿರಲಿಲ್ಲ. ಮೂರು ಲಕ್ಷದ ಅರವತ್ತು ಸಾವಿರ ಅಂದರೆ 1975. ಬೀಟಲ್ಸ್ ಒಡೆದು ಹೋಗಿ ಐದು ವರ್ಷ ಆಗಿತ್ತು!

ಇನ್ನೂ ಮುಗಿದಿಲ್ಲ. ಹಿಂಭಾಗದ ಮರದ ಗೆರೆ ಹೊರಗೆ ಒಂದು ಥರ, ಒಳಗೆ ಇನ್ನೊಂದು ಥರ. ಒಂದೇ ಹಲಗೆ ಆದರೆ ಎರಡೂ ಕಡೆ ಗೆರೆ ಹೊಂದಬೇಕು. ರಂಧ್ರದ ಅಂಚಿನಲ್ಲಿ ಬೇಕರಿ ಪಫ್ಸ್ ಥರ ಪದರ ಪದರ. ಪ್ಲೈವುಡ್. ನಮ್ಮ ಅಜ್ಜನ ಮನೆಯ ಮಂಚ ಬೀಟೆಯದು, ಬೀಟೆ ಹೇಗಿರುತ್ತದೆ ಅಂತ ನನಗೆ ಇವನು ಹೇಳಿಕೊಡಬೇಕಾ? ಹೆಡ್ ಮೇಲಿನ ಮಾರ್ಟಿನ್ ಹೆಸರು ಉಗುರಲ್ಲಿ ಕೆರೆದರೆ ಅಂಚು ಎದ್ದು ಬಂತು. ಸ್ಟಿಕ್ಕರ್.

ಕೇಳಿದ್ದಕ್ಕೆ ಅವನ ಉತ್ತರಗಳು ಇವು. ಹಾಗೆ ಹಾಗೇ ಬರೆಯುತ್ತಿದ್ದೇನೆ.

‘ರಿಪೇರಿ ಮಾಡಿಸುವಾಗ ನಂಬರ್ ಬದಲಾಗಿರಬಹುದು ಸಾರ್.’

‘ನಂಬರ್ ಏನು ಮಹಾ, ಸೌಂಡ್ ಕೇಳಿ.’

‘ನಾನು ಬೀಟಲ್ಸ್‌ದು ಅಂದಿದ್ನಾ? ಬೀಟಲ್ಸ್ ಕಾಲದ್ದು ಅಂದಿದ್ದು.’

ಬೀಟಲ್ಸ್ ಕಾಲದ್ದಂತೆ. ಅಫಿಡವಿಟ್ ತೆಗೆದು ಮುಖದ ಮುಂದೆ ಹಿಡಿದೆ. ‘ಅದು ಸಾಹುಕಾರ್ರು ಹೇಳಿದ್ದು, ನಾನಲ್ಲ.’ ಟೋಕನ್ ವಾಪಸ್ ಕೊಡು ಅಂದೆ. ‘ಸಾಹುಕಾರ್ರಿಗೆ ಕೊಟ್ಟಾಯ್ತು ಸಾರ್. ನಿಮ್ಮಂಥ ದೊಡ್ಡ ಮನಸ್ಸಿನವರು ನಲವತ್ತು ಸಾವಿರಕ್ಕೆ ಹೀಗೆ ಆಡ್ತೀರಾ?’ ಕೆಳಗಿನ ರಿಸೆಪ್ಷನ್‌ನಲ್ಲಿ ಕೂತಿದ್ದ ಹುಡುಗ ನಗು ತಡೆದುಕೊಳ್ಳುತ್ತಿದ್ದ. ಮೈಯೆಲ್ಲ ಉರಿದು ಹೋಯಿತು.

ಆಮೇಲೆ ಫೋನ್ ಎತ್ತಲಿಲ್ಲ. ಮೆಸೇಜ್‌ಗೆ ನೀಲಿ ಟಿಕ್ ಬರುತ್ತಿತ್ತು. ಕಡೆಗೆ ಡಿಪಿಯೂ ಮಾಯ.

ನೀವು ಮಾಡಬೇಕಾದ್ದು ಇಷ್ಟೇ. ಮೊದಲು ನಂಬರಿನ ಸ್ಪಷ್ಟ ಫೋಟೋ, ಒಳಗಿನ ಮರದ ಫೋಟೋ, ಆಮೇಲೆ ಮಾತು. ಗಿಬ್ಸನ್ ಆದರೆ ಇನ್ನೂ ಹುಷಾರು, ಅರವತ್ತರ ದಶಕದಲ್ಲಿ ಅವರು ಒಂದೇ ನಂಬರನ್ನು ಬೇರೆ ಬೇರೆ ವರ್ಷ ಮತ್ತೆ ಮತ್ತೆ ಹೊಡೆದಿದ್ದಾರೆ, ನಂಬರ್ ಒಂದನ್ನೇ ನಂಬಬೇಡಿ. ಆಂಟಿಕ್ ವ್ಯಾಲ್ಯೂ ಹೋಗುತ್ತೆ ಅಂದರೆ ಹೋಗಲಿ ಬಿಡಿ, ನಿಮ್ಮ ದುಡ್ಡು ಉಳಿಯುತ್ತದೆ. ಯುಪಿಐನಲ್ಲಿ ಕಳಿಸಿ ಮೋಸ ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಕಷ್ಟ.

ಇಷ್ಟೆಲ್ಲ ಈಗ ಬರೆಯಲು ಕಾರಣ ಇದೆ. ಸಕಲೇಶಪುರದ ಸ್ನೇಹಿತನೊಬ್ಬ ಮೊನ್ನೆ ಒಂದು ಫೋಟೋ ಫಾರ್ವರ್ಡ್ ಮಾಡಿದ. ಅದೇ ಗಿಟಾರ್, ಅದೇ ರೇಷ್ಮೆ ಶಾಲು. ಕಥೆ ಮಾತ್ರ ಬದಲಾಗಿದೆ. ಈಗ ಅದು 1972ರಲ್ಲಿ ಲೆಡ್ ಜೆಪ್ಲಿನ್ ಬ್ಯಾಂಡಿನ ಜಿಮ್ಮಿ ಪೇಜ್ ಬಾಂಬೆಗೆ ಬಂದಾಗ ಬಿಟ್ಟು ಹೋದದ್ದಂತೆ. ನಂಬರ್ ಮಾತ್ರ ಇನ್ನೂ 1975ರದ್ದೇ ಇರಬೇಕು, ಅದನ್ನು ತಿದ್ದುವಷ್ಟೂ ಕಷ್ಟ ಅವನು ಪಡುವುದಿಲ್ಲ.

ಗುರುತು ಹೇಳುತ್ತೇನೆ. ತಂತಿ ಕಟ್ಟುವ ಬ್ರಿಡ್ಜ್ ಕೆಳಗೆ ಬಲಗಡೆ ಅರ್ಧಚಂದ್ರದ ಥರ ಗೀರು. ಹೆಡ್ ಮೇಲಿನ ಹೆಸರಿನ ಕೊನೆಯ ಅಕ್ಷರದ ಅಂಚು ಎದ್ದಿದೆ, ಅದು ನನ್ನ ಉಗುರಿನ ಕೆಲಸ. ಈ ಗಿಟಾರ್ ನಿಮಗೆ ಯಾರಾದರೂ ತೋರಿಸಿದರೆ ಹೂಂ ಅನ್ನುತ್ತಾ ಇರಿ, ಯಾವ ಲಾಡ್ಜ್ ಅಂತ ಕೇಳಿ ನನಗೊಂದು ಮೆಸೇಜ್ ಹಾಕಿ. ಮಿಕ್ಕ ವ್ಯಾಪಾರ ನಾನೇ ಬಂದು ಮಾತಾಡುತ್ತೇನೆ.